ಪೆಟ್ಟಿಗೆಯಲ್ಲಿ ಹಿಡಿಸದೆ ಹೋದದ್ದು

 

ಬೈಬಲ್ ತೆಗೆಯಿರಿ, ಆದಿಕಾಂಡ 43ನೇ ಅಧ್ಯಾಯ. ನೀವು ತೆಗೆಯುವಷ್ಟರಲ್ಲಿ ಒಂದು ಮಾತು ಹೇಳ್ತೇನೆ.

ಕಳೆದ ವಾರ ನಮ್ಮ ಸಭೆಯ ಒಂದು ಮನೆಗೆ ಪ್ರಾರ್ಥನೆಗೆ ಹೋಗಿದ್ದೆ. ಆ ಮನೆಯ ಮಗಳು ನರ್ಸ್ ಕೆಲಸಕ್ಕೆ ದುಬೈಗೆ ಹೊರಟಿದ್ದಾಳೆ. ಅವರನ್ನು ಕೇಳಿಯೇ ಇದನ್ನು ಹೇಳ್ತಿದ್ದೇನೆ. ಮನೆ ತುಂಬಾ ಸಾಮಾನು. ಹೊಸ ಸೂಟ್‌ಕೇಸ್, ಬೆಡ್‌ಶೀಟ್, ಕುಕ್ಕರ್, ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ. ಟಿಕೆಟಿನಲ್ಲಿ 30 ಕಿಲೋ ಅಂತ ಇದೆ, ತೂಕ ಹಾಕಿದರೆ 34! ಮಗಳು ಒಂದು ತೆಗೀತಾಳೆ, ತಾಯಿ ಇನ್ನೊಂದು ತುಂಬುತ್ತಾರೆ.

ಮಸಾಲೆ ಪುಡಿಯ ಡಬ್ಬಿ ನೋಡಿ ನಾನು ಕೇಳಿದೆ, "ಅಮ್ಮಾ, ಇದಕ್ಕೆ ಗಸಗಸೆ ಹಾಕಿದ್ದೀರಾ?" "ಹಾಕದೆ ರುಚಿ ಎಲ್ಲಿ ಬರ್ತದೆ ಪಾಸ್ಟರ್?" ಅಂದರು. ಪ್ರಿಯರೇ, ನಿಮಗೂ ಗೊತ್ತಿರಲಿ: ನಮ್ಮ ಅಡುಗೆಮನೆಯ ಗಸಗಸೆಗೆ ಯುಎಇ, ಸೌದಿಯಲ್ಲಿ ನಿಷೇಧ ಇದೆ. ಅಲ್ಲಿ ಅದನ್ನು ಮಾದಕವಸ್ತುಗಳ ಸಾಲಿನಲ್ಲಿ ಇಟ್ಟಿದ್ದಾರೆ. ಸಿಕ್ಕಿಬಿದ್ದರೆ ಜೈಲಿಗೂ ಹೋಗಬೇಕಾದೀತು. ಇದನ್ನು ಕೇಳಿ ಆ ತಾಯಿ ಡಬ್ಬಿ ಹಿಡಿದುಕೊಂಡೇ ಅತ್ತರು. "ಪ್ರೀತಿಯಿಂದ ಅರೆದದ್ದು, ನಾನೇ ಅವಳನ್ನು ಸಿಕ್ಕಿಸ್ತಿದ್ದೆನಲ್ಲಾ! ಅಲ್ಲಿ ಅವಳಿಗೆ ಜ್ವರ ಬಂದರೆ ಯಾರು ನೋಡ್ತಾರೆ?"

ನೋಡಿ, ಊರವರ ಜ್ವರ ನೋಡುವ ಮಗಳು ಅವಳು! ಆದರೂ ತಾಯಿಯ ಪ್ರಶ್ನೆ ಅದೇ. ಆ 4 ಕಿಲೋ ಹೆಚ್ಚಿಗೆ ಬಂದದ್ದು ಸಾಮಾನಿನಿಂದಲ್ಲ, ಭಯದಿಂದ.

ಈಗ ಯಾಕೋಬನನ್ನು ನೋಡೋಣ. ಕಾನಾನಿನಲ್ಲಿ ಬರ. ಮಕ್ಕಳು ಧಾನ್ಯಕ್ಕಾಗಿ ಮತ್ತೆ ಪರದೇಶಕ್ಕೆ, ಐಗುಪ್ತಕ್ಕೆ ಹೋಗಬೇಕು. ಮುದುಕ ತಂದೆ ಕೂತು ಪ್ಯಾಕ್ ಮಾಡಿಸ್ತಾನೆ: ಸುಗಂಧತೈಲ ಇಡಿ, ಸ್ವಲ್ಪ ಜೇನು ಇಡಿ, ಬಾದಾಮಿ ಇಡಿ, ಹಣ ಎರಡರಷ್ಟು ತಕ್ಕೊಳ್ಳಿ. ಎಲ್ಲಾ ಕೊಟ್ಟ. ಕೊಡಲಿಕ್ಕೆ ಆಗದೆ ಇದ್ದದ್ದು ಒಂದೇ, ಬೆನ್ಯಾಮೀನ. ಹಿಂದಿನ ಅಧ್ಯಾಯದಲ್ಲಿ ಇವನನ್ನು ಕಳಿಸೋದೇ ಇಲ್ಲ ಅಂದಿದ್ದ. ಆದರೆ ಐಗುಪ್ತದ ಅಧಿಪತಿ ಬಾದಾಮಿ ಕೇಳಿರಲಿಲ್ಲ, ಬೆನ್ಯಾಮೀನನನ್ನು ಕೇಳಿದ್ದ.

ಆಗ ಯೆಹೂದನು ಮುಂದೆ ಬಂದ. ಅವನಿಗೆ ನಾನು ಹೊಣೆ ಅಂದ. ಆ ಯೆಹೂದನ ಕುಲದಲ್ಲೇ ನಮ್ಮ ಕರ್ತನು ಹುಟ್ಟಿ ಬಂದ, ನಿಮಗೂ ನಿಮ್ಮ ಮಕ್ಕಳಿಗೂ ಹೊಣೆ ನಿಂತ. ಸ್ತೋತ್ರ ಹೇಳಿರಿ!

ಯಾಕೋಬ ಕೊನೆಗೆ ಕೈ ಬಿಟ್ಟ. ಕಳಕೊಂಡರೆ ಕಳಕೊಂಡೆ ಅನ್ನುವಷ್ಟು ನೋವಿನಿಂದಲೇ ಬಿಟ್ಟ. ದೊಡ್ಡ ವಿಶ್ವಾಸ ಏನಲ್ಲ ಅದು, ನಡುಗುವ ಕೈಯ ವಿಶ್ವಾಸ. ಅದನ್ನೂ ದೇವರು ತಳ್ಳಿಬಿಡಲಿಲ್ಲ. ಯಾಕೆಂದರೆ ಯಾಕೋಬನಿಗೆ ಗೊತ್ತಿಲ್ಲದ್ದು ಒಂದಿತ್ತು. ಅಲ್ಲಿ ಕೂತಿದ್ದ ಆ ಅಧಿಪತಿ, ಸತ್ತ ಅಂತ 20 ವರ್ಷಕ್ಕೂ ಹೆಚ್ಚು ಕಾಲ ಅತ್ತಿದ್ದ ಅವನ ಮಗ ಯೋಸೇಫನೇ! ಇವನು ಮೂಟೆ ಕಟ್ಟುವ ಎಷ್ಟೋ ಮೊದಲೇ ದೇವರು ಅಲ್ಲಿ ಮನುಷ್ಯನನ್ನು ಇಟ್ಟಿದ್ದ, ಕಣಜ ತುಂಬಿಸಿದ್ದ.

ಹೊರಡುವವರಿಗೆ ಹೇಳ್ತೇನೆ, ಸಿದ್ಧತೆ ಅವಿಶ್ವಾಸ ಅಲ್ಲ. ಪಾಸ್‌ಪೋರ್ಟು, ಕೆಲಸದ ಕರಾರು ಪತ್ರ ಇವುಗಳ ಒಂದು ಪ್ರತಿ ಮನೆಯಲ್ಲಿ ಬಿಟ್ಟು ಹೋಗಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಒಳಗೇನಿದೆ ಅಂತ ತಿಳಿಯದೆ ಯಾರ ಪೊಟ್ಟಣವನ್ನೂ ತಕ್ಕೊಳ್ಳಬೇಡಿ, ಸಂಬಂಧಿಕರೇ ಕೊಟ್ಟರೂ ಸರಿ. ಪೆಟ್ಟಿಗೆ ನಿಮ್ಮದು, ಉತ್ತರ ಕೊಡಬೇಕಾದವರೂ ನೀವೇ.

ಕಳಿಸುವ ತಂದೆತಾಯಿಗಳೇ, ಪೆಟ್ಟಿಗೆ ತುಂಬಿದ್ದು ಸಾಕು. ಬೆನ್ಯಾಮೀನನನ್ನು ದೇವರ ಕೈಗೆ ಕೊಟ್ಟಿದ್ದೀರಾ?

ಆ ರಾತ್ರಿ ಮಸಾಲೆ ಡಬ್ಬಿ ಅಡುಗೆಮನೆಗೆ ವಾಪಸ್ ಹೋಯಿತು. ಸಂಜೆಯೆಲ್ಲಾ ಸೂಟ್‌ಕೇಸಿನ ಮೇಲಿದ್ದ ಆ ತಾಯಿಯ ಎರಡು ಕೈ, ಪ್ರಾರ್ಥನೆಯ ಹೊತ್ತಿಗೆ ಮಗಳ ತಲೆಯ ಮೇಲಿತ್ತು.

ಪ್ರಾರ್ಥಿಸೋಣ. ತಂದೆಯೇ, ನಮ್ಮ ಮಕ್ಕಳು ಹೋಗುವ ಕಡೆ ನೀನು ಮೊದಲೇ ಇದ್ದೀಯ. ನಾವು ಬಿಗಿಯಾಗಿ ಹಿಡಿದದ್ದನ್ನು ನಿನ್ನ ಕೈಗೆ ಕೊಡ್ತೇವೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.