ಬಾಲಪಿತನ ಋಣ

ನಂಜನಗೂಡನ್ನು ಬಳಸಿ ಹರಿದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಈ ಸೀಮೆಗೆ ಶಿಶುಪೋಷಣೆಯ ವಿಷಯದಲ್ಲಿ ಒಂದು ಹೆಮ್ಮೆಯುಂಟು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ನೆಯ ಇಸವಿ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊದಲು ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿಯೇ. ಆಗ ತೆರೆದ ಅಂಗನವಾಡಿಗಳು 100. ಅಂದಿನಿಂದ ಅಂಗನವಾಡಿಯು ಗರ್ಭಿಣಿಯನ್ನೂ ಬಾಣಂತಿಯನ್ನೂ ಶಿಶುವನ್ನೂ ತನ್ನವರೆಂದು ಎಣಿಸುತ್ತ ಬಂದಿದೆ. ತಂದೆಯಾದವನು ತಾಯಿ ಕಾರ್ಡಿನಲ್ಲಿ ಒಂದು ಹೆಸರು ಮಾತ್ರ. ಪ್ರಾಯಸ್ಥನಿಗೆ ಇದರಿಂದ ನಷ್ಟವಿಲ್ಲವೆನ್ನೋಣ. ಆ ತಂದೆಯೇ ಹದಿನೇಳು ವರುಷದ ಹುಡುಗನಾಗಿದ್ದರೆ?

ಕಾನೂನು ಈತನನ್ನು ಬಲ್ಲದು. 1894ರಲ್ಲಿ ಮೈಸೂರು ಸಂಸ್ಥಾನವು ಎಂಟು ವರುಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. ವರನ ವಯೋಮಿತಿಯು 1978ರಲ್ಲಿ 21ಕ್ಕೆ ಏರಿತು. 2012ರ ಪೋಕ್ಸೋ ಕಾಯಿದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಕರೆಯಿತು. ಅಂತಹ ಹುಡುಗಿಯು ತಾಯಿಯಾದರೆ, ಹುಡುಗನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾದೀತು. ಇದು ಯುಕ್ತವೇ. ಹುಡುಗಿಯ ಓದಿಗೂ ಆರೋಗ್ಯಕ್ಕೂ, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ತರುವ ಕೃತ್ಯವನ್ನು ಲಘುವಾಗಿ ಎಣಿಸಕೂಡದು.

ಹಾಗಾದರೆ ಇಂತಹವನಿಗೆ ನೆರವು ನೀಡುವುದು ತಪ್ಪಿಗೆ ಸನ್ಮಾನ ಮಾಡಿದಂತಾಗದೇ ಎಂದು ಕೆಲವರು ಆಕ್ಷೇಪಿಸುವರು. ಅವರ ಕಳವಳವು ಸುಳ್ಳಲ್ಲ. ಆದರೆ ಅವರು ದೋಷವನ್ನೂ ಋಣವನ್ನೂ ಒಂದೆಂದು ಭಾವಿಸುತ್ತಾರೆ. ದೋಷವು ಕಳೆದ ಕಾಲದ್ದು. ಅದನ್ನು ವಿಚಾರಿಸಲು ನ್ಯಾಯಸ್ಥಾನವುಂಟು. ಋಣವು ತೊಟ್ಟಿಲಲ್ಲಿ ಮಲಗಿದೆ. ಅದು ದಿನದಿನವೂ ಬೆಳೆಯುತ್ತದೆ. ಶಿಕ್ಷೆಯಿಂದ ಮೊದಲನೆಯದು ತೀರಬಹುದು, ಎರಡನೆಯದು ತೀರದು. ಹಸುಗೂಸನ್ನು ಎತ್ತಿಕೊಳ್ಳಲು, ಲಸಿಕೆಯ ದಿನವನ್ನು ನೆನಪಿಡಲು, ಅದರ ಅಳುವಿಗೆ ಕೋಪಿಸದಿರಲು ಯಾರೂ ಹುಟ್ಟುತ್ತಲೇ ಕಲಿತಿರುವುದಿಲ್ಲ. ಕಲಿಸದ ಪಾಠವನ್ನು ಒಪ್ಪಿಸೆಂದು ಗದರಿಸುವ ಉಪಾಧ್ಯಾಯನನ್ನು ನಾವು ಮೆಚ್ಚುವೆವೇ?

2015ರ ಬಾಲನ್ಯಾಯ ಕಾಯಿದೆಯು ಮಂಡಳಿಗೆ ಬುದ್ಧಿವಾದ, ಆಪ್ತಸಲಹೆ, ಸಮುದಾಯಸೇವೆ ಮೊದಲಾದ ಮಾರ್ಗಗಳನ್ನು ಕೊಟ್ಟಿದೆ. ಆ ಸಲಹೆಯಲ್ಲಿ ಪಿತೃಧರ್ಮದ ಪಾಠವೂ ಸೇರಲಿ. ಅಂಗನವಾಡಿಯ ಕಾರ್ಯಕರ್ತೆಯು ತಾಯಿಗೆ ತಿಳಿಸುವುದನ್ನು, ತಿಳಿದ ಹಿರಿಯನೊಬ್ಬನು ವಾರಕ್ಕೊಂದು ಸಂಜೆ ಹುಡುಗನಿಗೂ ತಿಳಿಸಲಿ. ಅವನ ಓದೋ ಕಸುಬೋ ನಿಲ್ಲದಂತೆ ನೋಡಲಿ. ಇಲ್ಲಿ ಮೊದಲು ಗಣಿಸತಕ್ಕದ್ದು ಹುಡುಗಿಯ ಕ್ಷೇಮವನ್ನೂ ಇಚ್ಛೆಯನ್ನೂ. ಅವಳು ಅವನು ಬೇಡವೆಂದರೆ ಅದೇ ಕಡೆಯ ಮಾತು. ಆಗ ದೂರವಿದ್ದು, ದುಡಿಯುವ ಪ್ರಾಯ ಬಂದೊಡನೆ ಶಿಶುವಿನ ಪೋಷಣೆಯ ವೆಚ್ಚವನ್ನು ಹೊರುವುದೂ ಪಿತೃಧರ್ಮವೇ, ಅದನ್ನೂ ಕಲಿಸಬೇಕು.

ವಾಚಕಮಹಾಶಯರೇ, ಇಂತಹ ಹುಡುಗನಿಗೆ ನಾವು ಬಾಗಿಲು ಮುಚ್ಚಿದರೆ ಅವನು ಊರುಬಿಟ್ಟು ಹೋಗುವುದು ಸುಲಭ. ಹೋದವನ ಋಣವನ್ನು ತೀರಿಸುವವರು ತಾಯಿ ಮತ್ತು ಶಿಶು. ರಾಜ್ಯಕ್ಕೆ ಮೊದಲ ಅಂಗನವಾಡಿಗಳನ್ನು ತೋರಿದ ಸೀಮೆಯು, ಅವುಗಳ ಹೊಸ್ತಿಲಲ್ಲಿ ಅಳುಕುತ್ತ ನಿಂತವನನ್ನು ಒಳಗೆ ಕರೆದು ಕಲಿಸುವುದರಲ್ಲಿಯೂ ಮೊದಲಾಗಲಿ.