ನೋಡತಕ್ಕ ಸ್ಥಳಗಳು

ಪ್ರವಾಸ ಹೋಗುವುದಕ್ಕಿಂತ ಅದರ ಯೋಜನೆ ಹಾಕುವುದರಲ್ಲೇ ಹೆಚ್ಚು ಸುಖವಿದೆ ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯಲಾರೆ. ಹೊರಟ ಮೇಲೆ ಹಾಲಿನವನಿಗೆ ಹೇಳಿದೆನೋ ಇಲ್ಲವೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆಯೂ ಕಾರಿನಲ್ಲಿ ನಮ್ಮ ಪಕ್ಕದಲ್ಲೇ ಕೂತು ಬರುತ್ತದೆ. ಕಾಗದದ ಮೇಲಿನ ಪ್ರವಾಸದಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ದೇವಸ್ಥಾನದ ಬಾಗಿಲು ತೆರೆದೇ ಇರುತ್ತದೆ, ಘಟ್ಟದ ತಿರುವಿನಲ್ಲಿ ಯಾರಿಗೂ ವಾಂತಿಯಾಗುವುದಿಲ್ಲ.

ಈ ಚೈತ್ರದಲ್ಲಿ ಶಿವಮೊಗ್ಗದಿಂದ ಮೂರು ದಿನದ ಒಂದು ಸುತ್ತು ಎಂದು ನಾವು ನಾಲ್ಕು ಜನ ತೀರ್ಮಾನಿಸಿದೆವು. ನಾನು, ನನ್ನ ಅಕ್ಕ, ಅವಳ ಸೊಸೆ, ನಮ್ಮ ಶಾಲೆಯ ಹೊಸ ವಿಜ್ಞಾನದ ಮೇಡಂ. ಮೊದಲ ದಿನ ಕೆಳದಿ, ಇಕ್ಕೇರಿ ನೋಡಿ ಸಾಗರದಲ್ಲಿ ತಂಗುವುದು. ಎರಡನೆಯ ದಿನ ಜೋಗ ಮತ್ತು ಶರಾವತಿಯ ಹಿನ್ನೀರು. ಮೂರನೆಯ ದಿನ ಸೊರಬದ ಮೇಲೆ ಬನವಾಸಿಗೆ ಹೋಗಿ, ಬಳ್ಳಿಗಾವಿ, ತಾಳಗುಂದ ನೋಡಿಕೊಂಡು ಶಿಕಾರಿಪುರದ ದಾರಿಯಲ್ಲಿ ಮನೆಗೆ. ಚೈತ್ರದಲ್ಲಿ ಮಲೆನಾಡು ತಿರುಗುವುದಕ್ಕೆ ಬಹಳ ಅನುಕೂಲ. ಮಳೆ ಇಲ್ಲ, ಜಿಗಣೆ ಇಲ್ಲ, ಕಾಡಿನ ಮರಗಳಲ್ಲಿ ಕೆಂಪು ಚಿಗುರು, ಸಂತೆಯಲ್ಲಿ ಅಪ್ಪೆಮಿಡಿ.

ತಕರಾರು ಬಂದದ್ದು ಎರಡನೆಯ ದಿನಕ್ಕೆ. ವಿಜ್ಞಾನದ ಮೇಡಂ ಹೇಳಿದಳು: "ಚೈತ್ರದಲ್ಲಿ ಜೋಗದಲ್ಲಿ ಏನಿರುತ್ತೆ ಮೇಡಂ, ಬರೀ ಬಂಡೆ. ಮೇ ಕೊನೆಗೆ ಹೋಗೋಣ. ಆಗ ಹಿನ್ನೀರು ಪೂರ್ತಿ ಇಳಿದು ಹಿರೇಭಾಸ್ಕರದ ಹಳೇ ಅಣೆಕಟ್ಟು ಮೇಲೆ ಬರುತ್ತೆ. ಫೋಟೋ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ!"

ಅವಳ ಮಾತು ಸುಳ್ಳಲ್ಲ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದು ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಒದಗಿಸಲು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅದರ ಹಿನ್ನೀರಿನಲ್ಲಿ ಆ ಅಣೆಕಟ್ಟೇ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ, ಜನ ಸಾಲುಗಟ್ಟಿ ನೋಡಲು ಹೋಗುತ್ತಾರೆ. ನಮ್ಮ ಆಸೆಯನ್ನು ನೋಡಿದರೆ ನನಗೆ ನಗು ಬರುತ್ತದೆ. ಜೋಗದಲ್ಲಿ 830 ಅಡಿಯ ಮೇಲಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳಬೇಕು, ಅದೇ ಹೊಳೆಯ ಇನ್ನೊಂದು ಕಡೆ ನೆಲ ಬಿರಿಯುವಷ್ಟು ಒಣಗಿರಬೇಕು. ಎರಡೂ ನಮ್ಮ ಕಣ್ಣಿನ ತೃಪ್ತಿಗೆ!

ನೀರು ಇಳಿದಾಗ ಕಾಣುವುದು ಅಣೆಕಟ್ಟು ಒಂದೇ ಅಲ್ಲ. ಮನೆಗಳ ಪಂಚಾಂಗ, ಬಾವಿಯ ಕಟ್ಟೆ, ಮರದ ಬೊಡ್ಡೆ. ಅಲ್ಲಿಂದ ಎದ್ದುಹೋದ ಸಂಸಾರಗಳಲ್ಲಿ ನನ್ನ ಅಕ್ಕನ ಅತ್ತೆಯ ತವರೂ ಒಂದು. ನಾವೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತೇವೆ. ನೀರು ಬಂದಾಗ ಅವರಿಗೆ ಮದುವೆಯಾಗಿ ಎರಡು ವರ್ಷ. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಹೋದ ಕಡೆ ಕಾಡು ಕಡಿದು ಗದ್ದೆ ಮಾಡಿಕೊಂಡವರಿಗೆ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವುದು ಮಕ್ಕಳ ಕಾಲಕ್ಕೂ ತಪ್ಪಲಿಲ್ಲ. ಗೌರಿ ಹಬ್ಬಕ್ಕೆ ತವರಿಗೆ ಹೋಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ದೊಡ್ಡಮ್ಮ, "ನಮ್ಮ ತವರಿಗೆ ಹೋಗಬೇಕಾದರೆ ಈಜು ಬರಬೇಕು" ಎಂದು ನಗುತ್ತಿದ್ದರು. ಕೇಳಿದವರಿಗೆ ಮುಂದೆ ಮಾತೇ ಹೊರಡುತ್ತಿರಲಿಲ್ಲ.

ಈ ಪಟ್ಟಿ ಹಿಡಿದುಕೊಂಡು ಒಂದು ಪ್ರಶ್ನೆ ನನ್ನನ್ನು ಕಾಡಿತು. ಹಂಪೆ 1565ರಲ್ಲಿ ಹಾಳಾಯಿತು. ಅಲ್ಲಿ ಯಾರ ಮನೆ ಸುಟ್ಟಿತು, ಯಾವ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿದಳು ಎಂದು ಕೇಳದೆ ನಾವು ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತೇವೆ. ಇಕ್ಕೇರಿಯಲ್ಲಿ ಅಷ್ಟು ದೊಡ್ಡ ಅಘೋರೇಶ್ವರ ದೇವಾಲಯ ನಿಂತಿದೆ. ಅದರ ಸುತ್ತ ಒಂದು ರಾಜಧಾನಿ ಇತ್ತೆಂಬುದಕ್ಕೆ ಕಣ್ಣಿಗೆ ಹೆಚ್ಚೇನೂ ಸಾಕ್ಷಿಯಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಆ ಅರಸೊತ್ತಿಗೆಯೂ ಮುಗಿಯಿತು. ಇವನ್ನೆಲ್ಲ ನೋಡುವಾಗ ನಮಗೆ ಸಂಕೋಚವಿಲ್ಲ. ಹಾಗಾದರೆ ಒಂದು ಹಾಳು ಎಷ್ಟು ವರ್ಷಕ್ಕೆ ನೋಡತಕ್ಕ ಸ್ಥಳವಾಗುತ್ತದೆ? ನೂರಕ್ಕೋ? ಅತ್ತವರೆಲ್ಲ ಸತ್ತ ಮೇಲೋ? ಕೊನೆಯ ಸಾಕ್ಷಿ ಕಣ್ಣು ಮುಚ್ಚುವುದನ್ನೇ ಕಾಯ್ದುಕೊಂಡು ಟಿಕೆಟ್ ಕೊಡುವುದೂ ಒಂದು ನ್ಯಾಯವೇ?

ನೋಡಲೇಬಾರದು ಎನ್ನುವವರ ವಾದವನ್ನೂ ನಾನು ಒಪ್ಪುವುದಿಲ್ಲ. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಮ್ಮ ಊರಿನ ಮಿಕ್ಸಿ, ಗ್ರೈಂಡರು ಆ ಮುಳುಗಿದ ಗದ್ದೆಗಳ ಋಣದಲ್ಲಿ ತಿರುಗಿವೆ. ಬೆಳಕು ಬೇಕು, ಅದು ಎಲ್ಲಿಂದ ಬಂತೆಂದು ನೋಡುವುದು ಮಾತ್ರ ಬೇಡ ಎಂದರೆ ಅದು ಸೂಕ್ಷ್ಮತೆಯಲ್ಲ, ಜಾಣತನ. ಹೋಗಬೇಕು. ಆದರೆ ಆ ಮನೆಯವರು ಇನ್ನೂ ಇರುವಾಗ ಅವರನ್ನು ಕೇಳದೆ ಒಳಗೆ ಹೋಗುವುದು ಸರಿಯಲ್ಲ. ನೆಂಟರ ಮನೆಗೂ ನಾವು ಬಾಗಿಲು ತಟ್ಟದೆ ನುಗ್ಗುವುದಿಲ್ಲವಲ್ಲ.

ದೊಡ್ಡಮ್ಮನನ್ನು ಕೇಳೋಣ ಎಂದರೆ ಭಾವ ಬೇಡವೇ ಬೇಡ ಎಂದರು. "ಅಮ್ಮನಿಗೆ ಎಂಬತ್ತು ದಾಟಿದೆ. ಅದನ್ನೆಲ್ಲ ಯಾಕೆ ಕೆದಕುತ್ತೀರಿ? ಬಿ.ಪಿ. ಏರಿದರೆ ನೋಡಿಕೊಳ್ಳುವವರು ಯಾರು?" ಒಳ್ಳೆಯ ಮಗನ ಮಾತೇ. ಆದರೂ ವಯಸ್ಸಾದ ಹೆಂಗಸರ ದುಃಖವನ್ನು ಔಷಧಿ ಡಬ್ಬಿಯ ಹಾಗೆ ಮಕ್ಕಳು ಮೇಲಿನ ಶೆಲ್ಫಿನಲ್ಲಿ ಇಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಏನು ನೋಡಬೇಕು, ಎಷ್ಟು ಅಳಬೇಕು ಎಂದು ಅವರ ಪರವಾಗಿ ಇನ್ನೊಬ್ಬರೇ ತೀರ್ಮಾನಿಸುತ್ತಾರೆ. ಅಕ್ಕ ಗಂಡನ ಮಾತು ಮೀರಿದ್ದು ಕಡಿಮೆ. ಆ ದಿನ ಮೀರಿದಳು. ಕಾಫಿ ಕೊಡುವ ನೆಪದಲ್ಲಿ ಒಳಗೆ ಹೋಗಿ ನೇರವಾಗಿ ಕೇಳಿಬಿಟ್ಟಳು, ನಾನು ಬಾಗಿಲಲ್ಲಿ ನಿಂತಿದ್ದೆ.

ದೊಡ್ಡಮ್ಮ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೂ ಬರ್ತೇನೆ. ಆದರೆ ನೀರು ಇರುವಾಗ ಹೋಗುವ, ತಂಗಿ. ಬತ್ತಿದಾಗ ಒಮ್ಮೆ ತಮ್ಮನ ಜೊತೆ ಹೋಗಿದ್ದೆ. ಒಲೆ ಇದ್ದ ಜಾಗದಲ್ಲಿ ಯಾರೋ ನಿಂತು ಫೋಟೋ ತೆಗೆಸಿಕೊಳ್ತಿದ್ದರು. ನೀರು ಇದ್ದರೆ ಮನೆ ಇದೆ ಅಂತಲೇ ಅನ್ನಿಸ್ತದೆ" ಎಂದರು.

ವಿಜ್ಞಾನದ ಮೇಡಂಗೆ ಇದನ್ನು ಹೇಳಿದಾಗ ಅವಳು ಮರುಮಾತಾಡಲಿಲ್ಲ. ಮೇ ತಿಂಗಳ ಮಾತು ಅಲ್ಲಿಗೆ ನಿಂತಿತು. ಚೈತ್ರದಲ್ಲಿ ಜೋಗವೂ ತುಂಬಿರುವುದಿಲ್ಲ, ಮಡೆನೂರೂ ಕಾಣುವುದಿಲ್ಲ. ಪ್ರವಾಸಿಗರ ಲೆಕ್ಕದಲ್ಲಿ ಎರಡೂ ನಷ್ಟ.

ಯೋಜನೆ ತುಸು ಬದಲಾಗಿದೆ. ಎರಡನೆಯ ದಿನ ಜೋಗಕ್ಕೆ ಅರ್ಧ ಗಂಟೆ ಸಾಕು. ಬೆಳಿಗ್ಗೆಯೇ ಅಂಬಾರಗೋಡ್ಲುವಿಗೆ ಹೋಗಿ ದಡದಲ್ಲಿ ದೊಡ್ಡಮ್ಮನಿಗೆ ಬೇಕೆನಿಸುವಷ್ಟು ಹೊತ್ತು ಕೂರುವುದು. ಅಲ್ಲಿ ಕಳಸವಳ್ಳಿಗೆ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಆಚೆ ದಡದ ತುಮರಿಯವರು ನೇರ ದಾರಿಯಲ್ಲಿ ಸಾಗರದ ಆಸ್ಪತ್ರೆಗೆ ಬರಬೇಕಾದರೂ ಲಾಂಚನ್ನೇ ಕಾಯಬೇಕಿತ್ತು. ಸೇತುವೆ ದಾಟಿ ಆಚೆಗೂ ಹೋಗೋಣ ಎಂದು ಅಕ್ಕನ ಸೊಸೆಯ ಆಸೆ. ಹೊತ್ತು ಉಳಿದರೆ ನೋಡಬೇಕು. ತಾಳಗುಂದವನ್ನು ಪಟ್ಟಿಯಿಂದ ತೆಗೆಯಬೇಕಾಗಬಹುದು, ಚರಿತ್ರೆ ಕಲಿಸುವ ನನಗೆ ಅದೊಂದು ಸಂಕಟ.

ಭಾವ ಬಿ.ಪಿ. ಮಾತ್ರೆಗಳನ್ನು ಬೇರೆ ಡಬ್ಬಿಗೆ ಹಾಕಿಕೊಟ್ಟಿದ್ದಾರೆ. ಮುಂದಿನ ಸೀಟು ದೊಡ್ಡಮ್ಮನಿಗೆ. ಅವರು ಕೇಳಿರುವುದು ಒಂದೇ: ಸಾಗರದ ಸಂತೆಯಲ್ಲಿ ಹೊಳೆದಂಡೆಯ ಅಪ್ಪೆಮಿಡಿ ಸಿಕ್ಕರೆ ಐನೂರು ಕೊಳ್ಳಲು ಕಾರು ನಿಲ್ಲಿಸಬೇಕು. ಅವರ ತವರಿನ ತೋಟದ ಕೆಳಗೆ, ಹೊಳೆಯ ಅಂಚಿನಲ್ಲಿ, ಅಂಥ ಮರ ಒಂದಿತ್ತಂತೆ. ತೊಟ್ಟು ಮುರಿದರೆ ಸೊನೆಯ ಪರಿಮಳ ಜಗುಲಿಯವರೆಗೆ ಬರುತ್ತಿತ್ತಂತೆ. ಭರಣಿ ತೊಳೆದು ಬಿಸಿಲಿಗೆ ಇಟ್ಟಾಗಿದೆ.