ಅಳಿಯದವನ ಆಸರೆ

ನವರಾತ್ರಿಯು ವಿಜಯದ ಹಬ್ಬ. ಮಹಿಷನನ್ನು ಮರ್ದಿಸಿದ ದೇವಿಯ ಕಥೆಯನ್ನು ಹಿರಿಯರು ಹೇಳುತ್ತಾರೆ, ಕಿರಿಯರು ಕೇಳುತ್ತಾರೆ. ಆದರೆ ದೀಪ ಬೆಳಗುವ ಎಲ್ಲ ಮನೆಗಳಲ್ಲಿಯೂ ವಿಜಯವಿರುವುದಿಲ್ಲ. ಒಂದೆಡೆ ಮನೆಯ ಯಜಮಾನನು ಉದ್ಯೋಗ ಕಳೆದುಕೊಂಡಿರುತ್ತಾನೆ. ಇನ್ನೊಂದೆಡೆ ಹಿರಿಯ ಜೀವವು ಹಾಸಿಗೆ ಹಿಡಿದಿರುತ್ತದೆ. ಮತ್ತೊಂದೆಡೆ ಕಳೆದ ವರ್ಷ ಗೊಂಬೆಗಳನ್ನು ಜೋಡಿಸಿದ ಕೈಗಳೇ ಇಂದು ಇಲ್ಲ. ಅಂಥವರಿಗೆ ‘ಭಗವಂತನು ನಿತ್ಯನು’ ಎಂಬ ಮಾತು ಯಾವ ಸಮಾಧಾನವನ್ನು ಕೊಟ್ಟೀತು?

ಈ ಪ್ರಶ್ನೆಯು ಲಘುವಾದುದಲ್ಲ. ‘ದೇವರು ನಿತ್ಯನಾಗಿರಬಹುದು, ಅಳಿದುಹೋದದ್ದು ನನ್ನದು. ಬದಲಾಗದವನಿಗೆ ಕಳೆದುಕೊಂಡವನ ನೋವು ತಿಳಿಯುವುದೆಂತು?’ ಎಂದು ನೊಂದವನು ಕೇಳಬಹುದು. ಇದನ್ನು ನಾಸ್ತಿಕತೆಯೆಂದು ತಳ್ಳಿಹಾಕುವುದು ಸುಲಭ, ಉತ್ತರಿಸುವುದು ಕಷ್ಟ. ಸಾವಿನ ಮನೆಯ ಬಾಗಿಲಲ್ಲಿ ನಿಂತು ‘ಎಲ್ಲವೂ ನಶ್ವರ’ ಎನ್ನುವವನು ಸತ್ಯವನ್ನೇ ನುಡಿದರೂ ಸಾಂತ್ವನವನ್ನು ನುಡಿದಂತಾಗುವುದಿಲ್ಲ.

ನಿತ್ಯವಾದುದು ಯಾವುದು, ಅನಿತ್ಯವಾದುದು ಯಾವುದು ಎಂಬುದನ್ನು ಹಂಪೆಯ ಕಲ್ಲುಗಳು ಚೆನ್ನಾಗಿ ತಿಳಿಸುತ್ತವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿಯ ಮಹಾನವಮಿಯ ವೈಭವವನ್ನು ಬೆರಗಿನಿಂದ ವರ್ಣಿಸಿದ್ದಾನೆ. 1565ರ ಯುದ್ಧದಲ್ಲಿ ರಾಮರಾಯನು ಮಡಿದನು, ನಗರವು ಹಾಳಾಯಿತು. ಮಹಾನವಮಿ ದಿಬ್ಬವು ಇಂದಿಗೂ ಇದೆ. ಅದನ್ನೇರಿ ಕುಳಿತ ದೊರೆಗಳಿಲ್ಲ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ, ನಿಜ. ಆದರೆ ವಿಠ್ಠಲನ ಭವ್ಯ ದೇವಾಲಯದಲ್ಲಿ ಕಲ್ಲಿನ ರಥವಿದ್ದರೂ ಗರ್ಭಗುಡಿ ಬರಿದಾಗಿದೆ. ಆದುದರಿಂದ ಅರಮನೆ ಅಳಿಯುವುದು, ಗುಡಿ ಮಾತ್ರ ಉಳಿಯುವುದು ಎಂದು ಹೇಳಲು ಬರುವಂತಿಲ್ಲ.

ಹಾಗಾದರೆ ವಿಠ್ಠಲನು ಅಳಿದನೆ? ಪುರಂದರದಾಸರು ‘ಪುರಂದರವಿಠಲ’ ಎಂಬ ಅಂಕಿತದಲ್ಲಿ ಹಾಡಿದ ಪದಗಳು ನಗರದೊಡನೆ ಸುಡಲಿಲ್ಲ. ಸಾಮ್ರಾಜ್ಯವು ಕುಸಿದು ನೂರಕ್ಕೂ ಹೆಚ್ಚು ವರ್ಷಗಳಾದ ಬಳಿಕ ರಾಯಚೂರಿನ ಸೀಮೆಯಲ್ಲಿ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಅದೇ ವಿಠಲನ ಹೆಸರನ್ನು ತಮ್ಮ ಅಂಕಿತಗಳಲ್ಲಿ ಹೊತ್ತು ಹಾಡಿದರು. ಮಹಾನವಮಿಯೂ ನಿಲ್ಲಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮುಂದುವರಿಸಿದರು. ಮುಂದೆ ಅದು ಮೈಸೂರಿಗೆ ಬಂದಿತು. ಒಮ್ಮೆ ಅರಸರು ಕುಳಿತ ಚಿನ್ನದ ಅಂಬಾರಿಯಲ್ಲಿ ಇಂದು ತಾಯಿ ಚಾಮುಂಡೇಶ್ವರಿ ಬಿಜಯಂಗೈಯುತ್ತಾಳೆ. ಕಟ್ಟಿದುದೆಲ್ಲ ಬಿದ್ದ ಮೇಲೆಯೂ ಯಾರನ್ನು ಮತ್ತೆ ಕರೆಯಬಹುದೋ ಅವನೇ ನಿತ್ಯನು.

ಸಮುದಾಯಕ್ಕೆ ಈ ಉತ್ತರ ಸಾಕಾಗಬಹುದು. ಒಬ್ಬಂಟಿಯಾಗಿ ಅಳುವ ಜೀವಕ್ಕೆ ಸಾಲದು. ಆ ಜೀವಕ್ಕೆ ಭಾಗವತದ ಕುಂತಿಯೇ ಮೇಲ್ಪಂಕ್ತಿ. ಯುದ್ಧವು ಮುಗಿದಿದೆ, ಶ್ರೀಕೃಷ್ಣನು ದ್ವಾರಕೆಗೆ ಹೊರಟಿದ್ದಾನೆ. ಆಗ ಆಕೆ ಬೇಡುವುದು ರಾಜ್ಯವನ್ನಲ್ಲ. ಆಪತ್ತುಗಳೇ ಮರಳಿ ಬರಲಿ, ಅವುಗಳಲ್ಲಿ ನಿನ್ನ ದರ್ಶನವಾಗುತ್ತಿತ್ತು ಎಂಬ ಭಾವ ಆಕೆಯದು. ದುಃಖವು ಒಳ್ಳೆಯದೆಂದು ಕುಂತಿ ಹೇಳಲಿಲ್ಲ. ಅರಗಿನ ಮನೆಯ ಉರಿಯನ್ನೂ ವನವಾಸದ ಬವಣೆಯನ್ನೂ ಕಂಡವಳು ಆಕೆಯ ಕುಲ. ಮೊಮ್ಮಗ ಅಭಿಮನ್ಯುವು ಮರಳಿ ಬರಲಿಲ್ಲವೆಂಬುದನ್ನೂ ಆಕೆ ಬಲ್ಲಳು. ಕಳೆದುಹೋದುದನ್ನು ಹಿಂದಕ್ಕೆ ತಂದುಕೊಡುವ ಭರವಸೆ ಆಕೆಗಿರಲಿಲ್ಲ. ಕಳೆದುಕೊಂಡಾಗಲೂ ಕೈಬಿಡದವನೊಬ್ಬನಿದ್ದಾನೆಂಬ ಅನುಭವವಿತ್ತು.

ದೇವರು ಬದಲಾಗದವನೆಂಬುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಮನುಷ್ಯರ ಪ್ರೀತಿ ಸಿರಿ ಬಂದಾಗ ಉಕ್ಕುವುದು, ಸಿರಿ ಹೋದಾಗ ಇಳಿಯುವುದು. ಸಂಬಳದ ದಿನಗಳ ಸ್ನೇಹಿತರು ಸಾಲದ ದಿನಗಳಲ್ಲಿ ಕಾಣಸಿಗುವುದು ವಿರಳ. ಏರದೆ ಇಳಿಯದೆ ಇರುವ ಕರುಣೆಯೇ ಭಗವಂತನ ನಿತ್ಯತ್ವ. ಅದು ಕಲ್ಲಿನ ನಿಶ್ಚಲತೆಯಲ್ಲ, ತಾಯಿಯ ಸ್ಥಿರತೆ.

ಆದರೆ ಈ ಮಾತನ್ನು ಆಡುವವನ ಮೇಲೊಂದು ಹೊಣೆಯಿದೆ. 2020ರಲ್ಲಿ ಮಹಾಮಾರಿಯಿಂದ ದೇವಾಲಯಗಳ ಬಾಗಿಲು ಮುಚ್ಚಿತು. ಮೈಸೂರಿನ ಜಂಬೂಸವಾರಿಯೂ ಅರಮನೆಯ ಆವರಣವನ್ನು ದಾಟಲಿಲ್ಲ. ಮಹಾನಗರಗಳಲ್ಲಿ ಎಷ್ಟೋ ಮಂದಿ ತಮ್ಮವರ ಮುಖವನ್ನು ಕಡೆಯ ಬಾರಿ ನೋಡಲಾಗದೆ ಬೀಳ್ಕೊಟ್ಟರು. ಆ ದಿನಗಳಲ್ಲಿ ಪರಿಚಯವಿಲ್ಲದವರ ಬಾಗಿಲ ಮುಂದೆ ಅನ್ನದ ಡಬ್ಬಿಯನ್ನಿಟ್ಟು ಹೋದವರು ವೇದಾಂತವನ್ನು ಹೇಳಲಿಲ್ಲ. ನಿತ್ಯನಾದವನ ಕರುಣೆ ಅನಿತ್ಯವಾದ ಕೈಗಳ ಮೂಲಕ ಬರುವುದೆಂಬುದನ್ನು ಮಾಡಿ ತೋರಿಸಿದರು. ಕಷ್ಟದಲ್ಲಿರುವವನಿಗೆ ‘ದೇವರಿದ್ದಾನೆ’ ಎಂದು ಹೇಳುವ ಅಧಿಕಾರವು ಅವನ ಬಳಿ ಒಂದು ಗಳಿಗೆ ಕುಳಿತವನಿಗೆ ಮಾತ್ರ ಬರುತ್ತದೆ.

ವಿಜಯದಶಮಿಯ ಸಂಜೆ ಬನ್ನಿಯನ್ನು ಕೊಟ್ಟು ಹಿರಿಯರಿಗೆ ನಮಸ್ಕರಿಸುವುದು ಕನ್ನಡಿಗರ ಸಂಪ್ರದಾಯ. ಈ ಬಾರಿ ಹಬ್ಬವಿಲ್ಲದ ಮನೆಯೊಂದರ ಬಾಗಿಲನ್ನೂ ತಟ್ಟುವುದು ಲೇಸು. ಬನ್ನಿ ಕೊಡದಿದ್ದರೂ ಸರಿ, ಬಂದು ಕುಳಿತರೆ ಸಾಕು. ಜಗನ್ಮಾತೆಯು ಸರ್ವರಿಗೂ ಆ ಮನಸ್ಸನ್ನು ಕರುಣಿಸಲಿ.